ಸೂರ್ಯ ಉತ್ತರಕ್ಕಿದ್ದ ಮಧ್ಯಾಹ್ನ

ಮೈಸೂರಿನ ಒಂದು ಹೈಸ್ಕೂಲಿನಲ್ಲಿ ನಾನು ಕೆಲವು ವರ್ಷ ಸಮಾಜ ಪಾಠ ಮಾಡಿದವಳು. ಆಸ್ಟ್ರೇಲಿಯಾದ ಪಾಠ ಬಂದಾಗ ಗೋಡೆಯ ಮೊಳೆಗೆ ನಕ್ಷೆ ನೇತುಹಾಕಿ, ನಡುವಿನ ಹಳದಿ ಭಾಗಕ್ಕೆ ಕೋಲು ತಾಗಿಸಿ, "ಇದು ಮರುಭೂಮಿ, ಇಲ್ಲಿ ಜನವಸತಿ ವಿರಳ, ಬರ್ಕೊಳ್ಳಿ" ಎನ್ನುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು. ಆ ಹಳದಿ ಬಣ್ಣದೊಳಗೆ ಒಂದು ಮಧ್ಯಾಹ್ನ ನಾನು ಕೂತು ಗಂಡನಿಗಾಗಿ ಕಾಯಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ನಗುತ್ತಿದ್ದೆನೇನೋ.

ಈ ದೇಶಕ್ಕೆ ಬಂದ ಮೊದಲ ವರ್ಷಗಳನ್ನು ಬ್ರಿಸ್ಬೇನಿನಲ್ಲಿ ಕಳೆದೆವು. ಅಲ್ಲಿ ಹಿತ್ತಲಲ್ಲಿ ಮಾವಿನ ಮರವಿತ್ತು, ಬೇಸಿಗೆಯ ಸಂಜೆ ಗುಡುಗಿ ಮಳೆ ಬರುತ್ತಿತ್ತು, ಗೋಡೆಯ ಮೇಲೆ ಹಲ್ಲಿ ಲೊಚಗುಟ್ಟುತ್ತಿತ್ತು. ಮರುಭೂಮಿಯ ದೇಶದಲ್ಲಿದ್ದೇವೆಂದು ನನಗೆ ಅನ್ನಿಸಿಯೇ ಇರಲಿಲ್ಲ. ಆಮೇಲೆ ನನ್ನ ಗಂಡನಿಗೆ ಅಡಿಲೇಡಿನ ಸ್ಯಾಲಿಸ್‌ಬರಿಯ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಅಲ್ಲಿಗೆ ವಿಮಾನದಲ್ಲಿ ಹೊರಟ ದಿನ ಕಿಟಕಿಯಿಂದ ಕೆಳಗೆ ನೋಡುತ್ತ ಕೂತೆ. ಹಸಿರು ಮುಗಿಯಿತು, ಹೊಲಗಳು ಮುಗಿದವು, ಕೊನೆಗೆ ರಸ್ತೆಗಳೂ ಮುಗಿದವು. ತಿಂಡಿ ತಂದುಕೊಟ್ಟರು, ತಿಂದೆ, ಮತ್ತೆ ನೋಡಿದೆ. ಕೆಳಗೆ ಅದೇ ಕೆಂಪು. ಒಣಗಿದ ಕೆರೆಯೊಂದು ಉಪ್ಪಿನಿಂದ ಬೆಳ್ಳಗೆ ಹೊಳೆಯುತ್ತಿತ್ತು. ವಿಮಾನ ಇಲ್ಲಿ ಇಳಿಯಬೇಕಾಗಿ ಬಂದರೆ ಎಂಬ ಯೋಚನೆ ಬಂದು, ಪರದೆ ಎಳೆದುಬಿಟ್ಟೆ.

ಅಡಿಲೇಡಿನ ಬ್ಲೇರ್ ಅಥಾಲಿನಲ್ಲಿ ಮನೆ ಮಾಡಿದೆವು. ಕಡಲು ಹತ್ತಿರ, ದ್ರಾಕ್ಷಿ ತೋಟಗಳು ಹತ್ತಿರ, ಬೇಕಾದ್ದೆಲ್ಲ ಸಿಗುವ ಇಂಡಿಯನ್ ಅಂಗಡಿಗಳು ನಡೆದು ಹೋಗುವಷ್ಟು ಹತ್ತಿರ. ಆದರೆ ಬೇಸಿಗೆಯಲ್ಲಿ ಉತ್ತರದಿಂದ ಗಾಳಿ ಬೀಸುವ ದಿನ ಒಣಹಾಕಿದ ಬಟ್ಟೆಯ ಮೇಲೆ, ಕಿಟಕಿಯ ಸಂದಿಯಲ್ಲಿ, ಕೆಲವೊಮ್ಮೆ ನಾಲಿಗೆಯ ಮೇಲೂ ನುಣ್ಣನೆಯ ಕೆಂಪು ಧೂಳು ಕೂರುತ್ತಿತ್ತು. ಒರೆಸಿದರೆ ಬಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು. ಅದು ಎಷ್ಟು ದೂರದಿಂದ ಬಂದದ್ದೆಂದು ಯೋಚಿಸಿದರೆ ನನಗೆ ಒಳಗೊಳಗೇ ಅಳುಕು.

ನಮ್ಮ ಮಗಳು ಓದಿಗೆ ಆರಿಸಿಕೊಂಡದ್ದು ಆ ಧೂಳನ್ನೇ. ಅವಳು ಯೂನಿವರ್ಸಿಟಿಯಲ್ಲಿ ಈ ನೆಲದ ಪುರಾತನ ಹವಾಮಾನದ ಬಗ್ಗೆ ಸಂಶೋಧನೆ ಮಾಡುತ್ತಾಳೆ: ಯಾವ ಕಾಲದಲ್ಲಿ ಮಳೆ ಹೆಚ್ಚಿತ್ತು, ಯಾವಾಗ ಕೆರೆಗಳು ಬತ್ತಿದವು, ಮರಳಿನ ದಿಬ್ಬಗಳು ಯಾವಾಗ ಎದ್ದವು. ಪುಟ್ಟ ಹುಡುಗಿಯಾಗಿ ಇಲ್ಲಿಗೆ ಬಂದವಳು, ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಅರ್ಧ ಇಂಗ್ಲಿಷಿನಲ್ಲಿ. ಒಂದು ದಿನ ಊಟದ ಹೊತ್ತಿಗೆ ಹೇಳಿದಳು.

"ಅಮ್ಮ, ಮರಳಿನ ಪ್ರತಿಯೊಂದು ಗ್ರೇನೂ ಲಾಸ್ಟ್ ಟೈಮ್ ಬಿಸಿಲು ನೋಡಿದ್ದು ಯಾವಾಗ ಅಂತ ಲ್ಯಾಬಲ್ಲಿ ಗೊತ್ತಾಗುತ್ತೆ. ಬಟ್ ಅದನ್ನ ಕತ್ತಲಲ್ಲೇ ತೆಗೀಬೇಕು. ಬೆಳಕು ಬಿದ್ರೆ ಅದರ ಮೆಮೊರಿ ಎಲ್ಲಾ ಗಾನ್."

ಮರಳು ತೆಗೆಯಲು ಮರುಭೂಮಿಗೆ ಅವಳ ಜೊತೆ ಬರಬೇಕಿದ್ದವರು ಕೈಕೊಟ್ಟಿದ್ದರಂತೆ. ಸಾಮಾನು ಹೊರಲು, ಟಾರ್ಪಾಲು ಹಿಡಿಯಲು ಇಬ್ಬರು ವಾಲಂಟಿಯರ್ ಬೇಕು, ಅಪ್ಪ ಅಮ್ಮನೇ ಆದರೂ ಆಗುತ್ತದೆ ಎಂದಳು. ನನ್ನ ಗಂಡನಿಗೆ ಖುಷಿಯೋ ಖುಷಿ. ಮರುದಿನವೇ ಅಗಲ ಅಂಚಿನ ಟೋಪಿ ಕೊಂಡು ತಂದರು, ಕ್ಯಾಮೆರಾ ಒರೆಸಿಟ್ಟರು. ನಾನು ಬೇಡ ಎನ್ನಲು ಕಾರಣ ಹುಡುಕಿದೆ. ಭಯ ಎನ್ನಲು ನಾಚಿಕೆಯಾಯಿತು.

ಪಕ್ಕದ ಬೀದಿಯಲ್ಲಿ ಮಂಗಳೂರು ಕಡೆಯ ಒಬ್ಬ ಆಂಟಿ ಇದ್ದಾರೆ. ಕುವೈತಿನ ಆಸ್ಪತ್ರೆಯಲ್ಲಿ ಬಹಳ ಕಾಲ ನರ್ಸ್ ಆಗಿದ್ದು, ಮಗನ ಹಿಂದೆ ಇಲ್ಲಿಗೆ ಬಂದವರು. ಅವರಿಗೆ ಹೇಳಿದೆ.

"ಹೋಗುದಾದ್ರೆ ಹೋಗಿ ಬನ್ನಿ," ಎಂದರು ಆಂಟಿ. "ಆದ್ರೆ ಕಾರು ಬಿಟ್ಟು ದೂರ ಹೋಗ್ಬೇಡಿ ಮಾರಾಯ್ತಿ. ಕುವೈತಲ್ಲಿ ನಮ್ಮ ಆಸ್ಪತ್ರೆಗೆ ಮರಳುಗಾಡಿನಿಂದ ಜನರನ್ನ ತರ್ತಿದ್ರು. ಕಾರಿನ ಹತ್ರವೇ ಕೂತವ್ರು ಹೇಗೋ ಬದುಕಿಕೊಳ್ತಿದ್ರು. ದಾರಿ ಹುಡುಕಿಕೊಂಡು ಹೋದವ್ರು..." ಮಾತನ್ನು ಅಲ್ಲಿಗೇ ಬಿಟ್ಟು ಲೋಟ ತೊಳೆಯಲು ಎದ್ದರು.

ಚಳಿಗಾಲ ಮುಗಿದು ಬಿಸಿಲು ಏರತೊಡಗಿದ ದಿನಗಳು. ಅಡಿಲೇಡಿನಿಂದ ಉತ್ತರಕ್ಕೆ ಹೋದಂತೆ ಗೋಧಿ ಹೊಲಗಳು ಕುರುಚಲಾದವು, ಕುರುಚಲು ಕಲ್ಲಾಯಿತು. ಡಾಂಬರು ಮುಗಿದಲ್ಲಿ ಒಂದು ಸರ್ವೋ, ಅಂದರೆ ಇಲ್ಲಿಯವರ ಪೆಟ್ರೋಲ್ ಬಂಕು, ಇತ್ತು. ಅಲ್ಲಿ ಪೆಟ್ರೋಲು, ಬ್ರೆಡ್ಡು, ಬೋಲ್ಟು, ಬೀರು ಎಲ್ಲ ಒಂದೇ ಛಾವಣಿಯ ಕೆಳಗೆ ಸಿಗುತ್ತಿತ್ತು. ಗಲ್ಲಾದಲ್ಲಿದ್ದ ಹೆಂಗಸು ಎಲ್ಲಿಗೆ, ಎಷ್ಟು ಜನ, ಯಾವತ್ತು ವಾಪಸು ಎಂದೆಲ್ಲ ಕೇಳಿಕೊಂಡಳು. ಎಷ್ಟು ಕುತೂಹಲ ಇವಳಿಗೆ ಎಂದುಕೊಂಡೆ. ನಾವು ಬಾರದೆ ಹೋದರೆ ಯಾರಾದರೂ ಹುಡುಕಬೇಕಲ್ಲ, ಅದಕ್ಕೆ ಕೇಳುವುದು ಎಂದು ಮಗಳು ಹೇಳಿದಾಗ ನನಗೆ ಕೈಯಲ್ಲಿದ್ದ ಚಹಾ ಸೇರಲಿಲ್ಲ.

ಅಲ್ಲಿಂದ ಮುಂದೆ ನಮ್ಮ ಜೊತೆಗೆ ಇನ್ನೊಂದು ವಾಹನ ಸೇರಿಕೊಂಡಿತು. ಅದರಲ್ಲಿ ರೇಂಜರ್ ಒಬ್ಬರಿದ್ದರು, ನನ್ನದೇ ವಯಸ್ಸಿನ ಹೆಂಗಸು. ಆ ನೆಲದ ಮೂಲ ಜನರಿಗೆ ಸೇರಿದವರು. ಅವರ ಸಮುದಾಯದ ಒಪ್ಪಿಗೆ ಇಲ್ಲದೆ ಅಲ್ಲಿ ಒಂದು ಹಿಡಿ ಮರಳು ತೆಗೆಯುವಂತಿಲ್ಲ. ಕೆಲಸ ಮುಗಿಯುವವರೆಗೆ ಅವರು ನಮ್ಮೊಡನೆ ಇರುವುದೆಂದು ಏರ್ಪಾಡಾಗಿತ್ತು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

ದಿಬ್ಬಗಳನ್ನು ಮೊದಲು ಕಂಡದ್ದು ಅವತ್ತು ಸಂಜೆ. ಮರಳಿನ ದಿಬ್ಬವೆಂದರೆ ಅಲ್ಲೊಂದು ಇಲ್ಲೊಂದು ಗುಡ್ಡೆ ಎಂದುಕೊಂಡಿದ್ದೆ. ಇವು ಹಾಗಲ್ಲ. ಉತ್ತರದಿಂದ ದಕ್ಷಿಣಕ್ಕೆ, ಬಾಚಣಿಗೆ ಎಳೆದ ಹಾಗೆ, ಒಂದರ ಪಕ್ಕ ಒಂದು, ಮನೆಗಿಂತ ಎತ್ತರದ ಕೆಂಪು ಸಾಲುಗಳು. ಎರಡು ಸಾಲಿನ ನಡುವೆ ಉದ್ದಕ್ಕೆ ಓಡುವ ಬಯಲು, ಬಯಲಲ್ಲಿ ಬೂದು ಬಣ್ಣದ ಪೊದೆಗಳು. ಒಂದು ದಿಬ್ಬ ಹತ್ತಿ ನೋಡಿದರೆ ಮುಂದೆ ಅಂಥದೇ ಬಯಲು, ಅಂಥದೇ ದಿಬ್ಬ, ಅದರಾಚೆ ಮತ್ತೆ ಅದೇ. ವಾಹನ ಹೋಗುವ ಮಣ್ಣಿನ ಜಾಡು ಒಂದೇ ಒಂದು, ದಿಬ್ಬಗಳನ್ನು ಹತ್ತಿ ಇಳಿಯುತ್ತ ಪಶ್ಚಿಮದಿಂದ ಪೂರ್ವಕ್ಕೆ ಸಾಗುತ್ತಿತ್ತು.

ಸ್ಟವ್ ಹಚ್ಚಿ ಅನ್ನ ಸಾರು ಮಾಡಿದೆ. ರೇಂಜರ್ ಖಾರ ಎಂದು ಮೂಗು ಒರೆಸಿಕೊಳ್ಳುತ್ತಲೇ ಎರಡು ಸಲ ಬಡಿಸಿಕೊಂಡರು. ಮಗಳು ತನ್ನ ವಿಷಯ ಶುರುಮಾಡಿದಳು. ಈ ದಿಬ್ಬಗಳಲ್ಲಿ ಬಹಳಷ್ಟು ಮರಳು ಇಪ್ಪತ್ತು ಸಾವಿರ ವರ್ಷದ ಹಿಂದಿನ ಹಿಮಯುಗದಲ್ಲಿ ಬಂದು ಬಿದ್ದದ್ದಂತೆ. ಆಗ ಇಲ್ಲಿ ಹಿಮ ಇರಲಿಲ್ಲ, ಚಳಿ ಇತ್ತು, ಒಣ ಗಾಳಿ ಇತ್ತು. ಮಳೆ ನಿಂತು, ಗಿಡ ಸತ್ತು, ನೆಲ ಸಡಿಲಾಗಿ, ಗಾಳಿ ಅದನ್ನು ಎಳೆದೆಳೆದು ಸಾಲು ಮಾಡಿಟ್ಟಿತು. ಅದಕ್ಕೂ ಬಹಳ ಹಿಂದೆ ಇಲ್ಲೇ ಕೆರೆಗಳು ತುಂಬಿ ಹರಿಯುತ್ತಿದ್ದವು, ಮೊಸಳೆಗಳಿದ್ದವು, ರಾಜಹಂಸಗಳಿದ್ದವು, ಎಮ್ಮೆಗಿಂತ ದಪ್ಪದ, ಹೊಟ್ಟೆಚೀಲದಲ್ಲಿ ಮರಿ ಹೊರುವ ಪ್ರಾಣಿಗಳು ನೀರಿಗೆ ಬರುತ್ತಿದ್ದವು.

"ಎಲ್ಲಿ ಹೋದವು?" ಎಂದೆ.

"ವೆಲ್, ದೇ ಡೈಡ್ ಅಮ್ಮ," ಎಂದಳು.

ರೇಂಜರ್ ತಟ್ಟೆ ಕೆಳಗಿಟ್ಟು ಮಾತಾಡಿದರು. ಅವರ ಮುತ್ತಜ್ಜಿ ಹುಟ್ಟಿದ್ದು ಇಂಥದೇ ಒಂದು ಬಯಲಿನಲ್ಲಿ. ಆಗ ಇಲ್ಲೆಲ್ಲ ಮನುಷ್ಯರಿದ್ದರು. ಒಬ್ಬರು ಮಾತ್ರ ಇಳಿಯಬಹುದಾದ ಕಿರಿದಾದ ಆಳದ ಬಾವಿಗಳನ್ನು ತೋಡಿಕೊಂಡಿದ್ದರು. ಯಾವ ಬಾವಿಯಿಂದ ಯಾವ ಬಾವಿಗೆ ಎಂಬುದು ಹಾಡಿನಲ್ಲಿ ಇತ್ತು. ಆಮೇಲೆ ದೊಡ್ಡ ಬರವೊಂದು ಬಂತು, ಅಂಚಿನ ಊರುಗಳಲ್ಲಿ ಬಿಳಿಯರ ಹಿಟ್ಟು, ಕಂಬಳಿ ಇತ್ತು. ಎಲ್ಲರೂ ನಡೆದು ಹೊರಗೆ ಹೋದರು. ಬಾವಿಗಳು ಮುಚ್ಚಿಹೋದವು.

"ನಿಮಗೆ ಇಲ್ಲಿ ಭಯ ಆಗಲ್ವಾ?" ಎಂದು ಕೇಳಿಬಿಟ್ಟೆ.

"ಆಗುತ್ತೆ," ಎಂದರು ಸಲೀಸಾಗಿ. "ನನ್ನ ಚಿಕ್ಕಪ್ಪ ದನ ಹುಡುಕಲು ಹೋದವನು ಬರಲೇ ಇಲ್ಲ. ಇಲ್ಲಿ ಭಯ ಆಗಲ್ಲ ಅನ್ನೋರ ಜೊತೆ ನಾನು ಬರೋದಿಲ್ಲ."

ನನ್ನ ಗಂಡ ಆ ಮಾತಿನ ಹೊತ್ತಿಗೆ ಸೂರ್ಯಾಸ್ತದ ಫೋಟೊ ತೆಗೆಯಲು ದಿಬ್ಬ ಹತ್ತಿದ್ದರು.

ಮರುದಿನ ಬೆಳಿಗ್ಗೆ ಜಾಡಿನ ಪಕ್ಕದ ಬಯಲಲ್ಲಿ ಎರಡೂ ಕಾರು ನಿಲ್ಲಿಸಿ, ಹತ್ತಿರದ ದಿಬ್ಬದ ಮಗ್ಗುಲಲ್ಲಿ ಗುಂಡಿ ತೋಡಿದೆವು. ಗುಂಡಿಯ ಮೇಲೆ ಕಪ್ಪು ಟಾರ್ಪಾಲು ಹೊದಿಸಿ, ಅದರ ಕೆಳಗೆ ಮಗಳು ಮಂಡಿಯೂರಿ ಉಕ್ಕಿನ ಕೊಳವೆಯನ್ನು ಮರಳಿನ ಗೋಡೆಗೆ ಸುತ್ತಿಗೆಯಿಂದ ಬಡಿಯುತ್ತಿದ್ದಳು. ಬೆಳಕು ಒಳಗೆ ಹೋಗದಂತೆ ಅಂಚುಗಳನ್ನು ಒತ್ತಿಹಿಡಿಯುವುದು ನನ್ನ, ರೇಂಜರ್‌ರ ಕೆಲಸ. ಗಂಡ ಬೆಳಗಿನ ಹೊತ್ತು ಗುದ್ದಲಿ ಹಿಡಿದರು. ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿ ಇಟ್ಟಿದ್ದೆ, ಇದೊಂದು ಕೊಳವೆ ಮುಗಿಸಿ ಊಟ ಮಾಡೋಣ ಎಂದಳು ಮಗಳು. ನನ್ನ ಗಂಡನಿಗೆ ಕಾದು ಬೇಜಾರಾಯಿತು. ಕ್ಯಾಮೆರಾ ಹೆಗಲಿಗೆ ಹಾಕಿಕೊಂಡರು.

"ಇಲ್ಲೇ ಆ ಕಡೆ ದಿಬ್ಬದ ಮೇಲಿಂದ ಒಂದು ಫೋಟೊ ತಕ್ಕೊಂಡು ಬಂದ್ಬಿಡ್ತೀನಿ," ಎಂದರು.

"ರೀ, ದೂರ ಹೋಗ್ಬೇಡಿ."

"ಏ, ಎಲ್ಲಿ ಹೋಗ್ತೀನಿ? ಕಾಣ್ಸುತ್ತಲ್ಲ ಇಲ್ಲಿಂದ."

ಕಾಣುತ್ತಿತ್ತು ನಿಜ. ಪೂರ್ವದ ದಿಬ್ಬದ ನೆತ್ತಿಯ ಮೇಲೆ ಅವರ ಟೋಪಿ ಕಂಡಿತು. ಆಮೇಲೆ ಟಾರ್ಪಾಲಿನ ಅಂಚು ಗಾಳಿಗೆ ಎದ್ದಿತು, ಅದರ ಮೇಲೆ ಕೂತು ಹಿಡಿದೆ. ತಲೆಯೆತ್ತಿದಾಗ ಟೋಪಿ ಇರಲಿಲ್ಲ. ದಕ್ಷಿಣದ ಬಾನು ಗೋಣಿಯ ಬಣ್ಣಕ್ಕೆ ತಿರುಗಿತ್ತು.

"ಕಾರಿಗೆ," ಎಂದರು ರೇಂಜರ್. ಮಗಳನ್ನು ಗುಂಡಿಯಿಂದ ಎಳೆದುಕೊಂಡು ನಾವು ಕಾರು ಸೇರುವಷ್ಟರಲ್ಲಿ ಧೂಳು ಬಂದು ಹೊಡೆಯಿತು. ಎದುರಿನ ಬಾನೆಟ್ಟು ಕಾಣಲಿಲ್ಲ. ಕಾರು ಅಲ್ಲಾಡುತ್ತಿತ್ತು, ಗಾಜಿಗೆ ಮರಳು ಉಜ್ಜುವ ಸದ್ದು. ಮಗಳು ಹಾರ್ನ್ ಒತ್ತಿ ಹಿಡಿದಳು. ಆ ಸದ್ದು ಕಾರಿನೊಳಗೇ ನಿಂತಂತಿತ್ತು. ಅಪ್ಪ ಎಲ್ಲಾದರೂ ಪೊದೆಯ ಬುಡದಲ್ಲಿ ಕೂತಿರ್ತಾರೆ ಎಂದು ಅವಳು, ಹೌದು ಕೂತಿರ್ತಾರೆ ಎಂದು ನಾನು, ಒಬ್ಬರಿಗೊಬ್ಬರು ಹೇಳಿಕೊಂಡೆವು.

ಗಾಳಿ ಬಂದಷ್ಟೇ ಬೇಗ ದಾಟಿಹೋಯಿತು. ಬಿಸಿಲು ಮೊದಲಿಗಿಂತ ಚೂಪಾಗಿ ಬಿತ್ತು. ಮೂವರೂ ದಿಬ್ಬ ಹತ್ತಿದೆವು. ಹೆಜ್ಜೆ ಗುರುತೆಲ್ಲ ಅಳಿಸಿತ್ತು. ಮರಳಿನ ಮೇಲೆ ಹೊಸ ಅಲೆಗಳು ಮೂಡಿದ್ದವು, ಯಾರೂ ಎಂದೂ ನಡೆಯದ ಜಾಗದ ಹಾಗೆ. ಕೂಗಿದೆವು. ಮಗಳು "ಅಪ್ಪಾ" ಎಂದು ಕೂಗಿದಾಗ ಅವಳ ದನಿ ಚಿಕ್ಕಂದಿನದಾಯಿತು. ಮುಂದಿನ ದಿಬ್ಬದಿಂದ ಏನೂ ಬರಲಿಲ್ಲ, ನಮ್ಮ ಕೂಗೂ ಮರಳಿ ಬರಲಿಲ್ಲ.

ರೇಂಜರ್ ಹಸಿ ಪೊದೆಗಳನ್ನು ಮುರಿದು ದಿಬ್ಬದ ನೆತ್ತಿಯಲ್ಲಿ ಬೆಂಕಿ ಹಾಕಿದರು. ಹೊಗೆ ಮೇಲೇಳಲಿ ಎಂದು. ಗಾಳಿ ಅದನ್ನು ನೆಲಕ್ಕೇ ಒತ್ತುತ್ತಿತ್ತು. ಸ್ಯಾಟಲೈಟ್ ಫೋನಿನಲ್ಲಿ ಪೊಲೀಸರೊಡನೆ ಮಾತಾಡಿದರು. ವಿಮಾನ ಬರಲು ಬೆಳಗಾಗಬಹುದೆಂದು ತಿಳಿಯಿತು. ಹಗಲು ಇಷ್ಟು ಬಿಸಿ, ರಾತ್ರಿ ಕೈ ಮರಗಟ್ಟುವ ಚಳಿ. ನನ್ನ ಗಂಡ ಕೊಂಡೊಯ್ದದ್ದು ಒಂದು ಚಿಕ್ಕ ನೀರಿನ ಬಾಟಲಿ.

"ಸಾಮಾನ್ಯವಾಗಿ ಕಾರಿನ ಕಡೆ ಬರಲು ನೋಡ್ತಾರೆ, ಸ್ವಲ್ಪ ಆಚೀಚೆ ದಾಟಿಹೋಗ್ತಾರೆ," ಎಂದರು ರೇಂಜರ್. "ನಾನು ಈ ಬಯಲಿನಲ್ಲೇ ಉದ್ದಕ್ಕೆ ಹುಡುಕ್ತೀನಿ, ಆಮೇಲೆ ಪಶ್ಚಿಮದ್ದು. ನೀವಿಬ್ಬರು ಕಾರು ಬಿಟ್ಟು ಕದಲಬಾರದು."

ಆಗ ನನಗೆ ಹೊಳೆದದ್ದನ್ನು ಹೇಗೆ ಹೇಳಲಿ. ಕಣ್ಣಿಗೆ ಅಡ್ಡ ಕೈಯಿಟ್ಟು ಸೂರ್ಯನನ್ನು ನೋಡಿದೆ. ನಡುಹಗಲು ದಾಟಿ ತುಸು ಹೊತ್ತಾಗಿತ್ತು. ಸೂರ್ಯ ಉತ್ತರಕ್ಕಿದ್ದ. ಈ ದೇಶದ ಈ ಭಾಗದಲ್ಲಿ ಅವನು ಮಧ್ಯಾಹ್ನ ಯಾವಾಗಲೂ ಉತ್ತರಕ್ಕೇ. ನಮ್ಮ ಮೈಸೂರಿನಲ್ಲಿ ವರ್ಷದ ಬಹುಪಾಲು ದಕ್ಷಿಣಕ್ಕೆ ವಾಲಿರುತ್ತಾನೆ. ನನ್ನ ಗಂಡ ಅಡಿಲೇಡಿಗೆ ಬಂದ ಮೊದಲ ಚಳಿಗಾಲ, ಒಳ್ಳೆ ಬಿಸಿಲು ಬೀಳುತ್ತದೆಂದು ಬಟ್ಟೆ ಒಣಹಾಕುವ ತಂತಿಯನ್ನು ಮನೆಯ ದಕ್ಷಿಣದ ಗೋಡೆಗೆ ಕಟ್ಟಿದ್ದರು. ಆ ಗೋಡೆಗೆ ಬಿಸಿಲೇ ಬೀಳದೆ ಪಾಚಿ ಹಿಡಿದಿತ್ತು. ನಕ್ಕು ತಂತಿ ಬದಲಿಸಿದ್ದೆವು. ಆಮೇಲೂ ಕಾರನ್ನು ನೆರಳಿಗೆಂದು ನಿಲ್ಲಿಸಿ ಬಿಸಿಲಿಗೆ ಸಿಕ್ಕಿಸುತ್ತಿದ್ದರು. ಗೊತ್ತಿದ್ದೂ ಕೈ ತಾನೇ ತಪ್ಪುತ್ತಿತ್ತು.

ಅವರು ಪೂರ್ವಕ್ಕೆ ಹೋಗಿದ್ದರು, ಪಶ್ಚಿಮಕ್ಕೆ ವಾಪಸು ಬರಬೇಕು. ಸೂರ್ಯನಿಗೆ ಮುಖ ಮಾಡಿ ನಿಂತು, ಇದು ದಕ್ಷಿಣ ಎಂದುಕೊಂಡರೆ, ಬಲಗೈ ಪಶ್ಚಿಮ. ಆದರೆ ಮುಖ ಇದ್ದದ್ದು ಉತ್ತರಕ್ಕೆ. ಬಲಗೈ ಪೂರ್ವ. ದಾಟಿದ ಒಂದೊಂದು ದಿಬ್ಬವೂ ಅವರನ್ನು ನಮ್ಮಿಂದ ದೂರಕ್ಕೆ ಒಯ್ಯುತ್ತಿರುತ್ತದೆ. ಇನ್ನೊಂದೇ ದಿಬ್ಬ, ಅದರಾಚೆ ಕಾರು ಎಂದುಕೊಂಡು ಅವರು ಇನ್ನೂ ಬೇಗ ಬೇಗ ನಡೆಯುತ್ತಿರುತ್ತಾರೆ.

ರೇಂಜರ್‌ಗೆ ಹೇಳಿದೆ.

ಮಗಳು ಒಪ್ಪಲಿಲ್ಲ. "ಅಮ್ಮ, ಹಿ ಈಸ್ ಆನ್ ಎಂಜಿನಿಯರ್! ಇಷ್ಟು ವರ್ಷ ಇಲ್ಲಿದ್ದಾರೆ. ಅಷ್ಟು ಗೊತ್ತಿಲ್ವಾ ಅವರಿಗೆ?"

"ಗೊತ್ತು ಕಣೇ. ಆದ್ರೆ ಗಾಬರೀಲಿ ಹಳೇದೇ ಬರುತ್ತೆ."

"ವಾಟ್ ಇಫ್ ಯು ಆರ್ ರಾಂಗ್? ಅವರು ಇಲ್ಲೇ ಪಕ್ಕದಲ್ಲಿ ಬಿದ್ದಿದ್ರೆ?"

ನಾನು ತಪ್ಪಿದ್ದರೆ, ಬೆಳಕಿರುವ ಹೊತ್ತನ್ನೆಲ್ಲ ಪೂರ್ವಕ್ಕೆ ಸುರಿದು, ಪಕ್ಕದ ಬಯಲಲ್ಲಿ ಬಿದ್ದವರನ್ನು ನಾನೇ ಕೊಂದಂತೆ. ರೇಂಜರ್ ನನ್ನ ಮುಖವನ್ನೇ ನೋಡಿದರು.

"ನೀವು ಅವರನ್ನ ಬಲ್ಲಿರಿ, ನಾನು ಬಲ್ಲೆನಾ?" ಎಂದರು. "ಹೇಳಿ, ಸಿಸ್ಟರ್. ಯಾವ ಕಡೆ?"

"ಪೂರ್ವ," ಎಂದೆ.

ಅವರು ವಾಕಿಟಾಕಿಯಂಥ ಒಂದು ರೇಡಿಯೋ ನನ್ನ ಕೈಗಿಟ್ಟು, ಜಾಡು ಹಿಡಿದು ಪೂರ್ವಕ್ಕೆ ಕಾರು ಓಡಿಸಿದರು. ದಿಬ್ಬದ ನೆತ್ತಿ ದಾಟುವವರೆಗೆ ಎಂಜಿನ್ನಿನ ಸದ್ದು ಕೇಳಿತು, ಆಮೇಲೆ ಅದೂ ಹೋಯಿತು.

ಕಾಯುವುದೆಂದರೆ ಏನೆಂದು ನನಗೆ ಅವತ್ತು ತಿಳಿಯಿತು. ಹೆರಿಗೆ ವಾರ್ಡಿನ ಹೊರಗೆ, ವೀಸಾದ ಉತ್ತರಕ್ಕೆ, ಆಸ್ಪತ್ರೆಯ ರಿಪೋರ್ಟಿಗೆ ಕಾದದ್ದಿದೆ. ಅಲ್ಲೆಲ್ಲ ಸುತ್ತ ಜನರಿದ್ದರು, ಕೇಳಲು ಒಂದು ಕಿಟಕಿ ಇತ್ತು. ಇಲ್ಲಿ ನಮ್ಮಿಬ್ಬರ ಉಸಿರಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಒಂದು ನೊಣ ಕಾರಿನೊಳಗೆ ಬಂದು ನನ್ನ ತುಟಿಯ ಮೇಲೆ ಕೂತಿತು. ಅದನ್ನು ಓಡಿಸುವ ಮನಸ್ಸೂ ಬರಲಿಲ್ಲ. ಹಿಂದಿನ ಸಂಜೆ ಮಗಳು ಹೇಳಿದ್ದೆಲ್ಲ ಈಗ ಬೇರೆಯೇ ರೀತಿಯಲ್ಲಿ ತಲೆಯೊಳಗೆ ತಿರುಗುತ್ತಿತ್ತು. ಎಮ್ಮೆಗಿಂತ ದಪ್ಪದ ಪ್ರಾಣಿಗಳು ಕೂಡ ನೀರಿಗಾಗಿ ನಡೆದು ನಡೆದು ಎಲ್ಲೋ ಒಂದು ಕಡೆ ಮಂಡಿಯೂರಿರಬೇಕು. ಅವುಗಳ ಮೇಲೆ ಮರಳು ಏರಿರಬೇಕು.

ರೇಡಿಯೋ ಗೊರಗೊರ ಎನ್ನುತ್ತಿತ್ತು. "ಇಲ್ಲಿ ಕಾಣ್ತಿಲ್ಲ. ಮುಂದೆ ಹೋಗ್ತೀನಿ." ಸ್ವಲ್ಪ ಹೊತ್ತಿಗೆ ಮತ್ತೆ. "ಇಲ್ಲೂ ಇಲ್ಲ." ಪ್ರತಿ ಸಲವೂ ಮಗಳು ನನ್ನ ಕಡೆ ತಿರುಗಿ ನೋಡುತ್ತಿದ್ದಳು.

ಕೊನೆಗೆ ಅವಳಿಗೆ ತಡೆಯಲಾಗಲಿಲ್ಲ. ಬಾಗಿಲು ತೆರೆದು ಹಾರಿ, ಪಶ್ಚಿಮದ ದಿಬ್ಬದ ಕಡೆ ಓಡಿದಳು. ನಾನು ಹಿಂದೆ ಓಡಿದೆ. ಮರಳಿನಲ್ಲಿ ಮೊಣಕಾಲು ಹೂತು, ತೆವಳಿಕೊಂಡು, ದಿಬ್ಬದ ನಡುವೆ ಅವಳ ಕಾಲು ಹಿಡಿದೆ. ಇಬ್ಬರೂ ಜಾರಿ ಕೆಳಗೆ ಬಂದೆವು. ಅವಳು ನನಗಿಂತ ಎತ್ತರ, ನನಗಿಂತ ಗಟ್ಟಿ. ಆದರೂ ಅವಳ ಮಣಿಕಟ್ಟನ್ನು ನಾನು ಬಿಡಲಿಲ್ಲ.

"ಅಮ್ಮ ಪ್ಲೀಸ್, ಲೆಟ್ ಮಿ ಗೋ. ಜಸ್ಟ್ ಒಂದು ದಿಬ್ಬ. ಒಂದೇ ಒಂದು."

"ಇಲ್ಲ."

"ನೀನು ಸುಮ್ನೆ ಕೂತಿದ್ದೀಯ! ಡು ಯು ಈವನ್ ವಾಂಟ್ ಹಿಮ್ ಬ್ಯಾಕ್?"

ಅವಳ ಕೆನ್ನೆಗೆ ಹೊಡೆಯುತ್ತೇನೆ ಎನ್ನಿಸಿತು. ಹೊಡೆಯಲಿಲ್ಲ. "ಅವರೂ ಒಂದೇ ದಿಬ್ಬ ಅಂತಾನೇ ಹೋಗಿದ್ದು," ಎಂದೆ. "ನೀನೂ ಹೋದ್ರೆ ನಾನು ಯಾವ ಕಡೆ ಮುಖ ಮಾಡಿ ಕೂಗಲೇ?"

ಅವಳು ಮರಳಿನ ಮೇಲೆ ಕುಸಿದು ಕೂತು ಅತ್ತಳು. ನಾನು ಅವಳ ಕೈ ಹಿಡಿದೇ ಇದ್ದೆ. ಅಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಮರುದಿನ ಅವಳ ಮಣಿಕಟ್ಟಿನಲ್ಲಿ ನನ್ನ ಬೆರಳುಗಳು ನೀಲಿಯಾಗಿ ಮೂಡಿದ್ದವು. ಕಾರಿಗೆ ವಾಪಸು ಬಂದೆವು. ಬಿಸಿಲು ಓರೆಯಾಗತೊಡಗಿ, ದಿಬ್ಬದ ನೆರಳು ಬಯಲಿಗೆ ಇಳಿದು ನಮ್ಮ ಟೈರಿನವರೆಗೆ ಬಂದಿತ್ತು.

ಆಗ ರೇಡಿಯೋದಲ್ಲಿ ರೇಂಜರ್‌ರ ದನಿ, ಒಂದೇ ಮಾತು: "ಕಂಡೆ."

ನಾವು ಒಬ್ಬರನ್ನೊಬ್ಬರು ತಬ್ಬಿಕೊಳ್ಳುವ ಮೊದಲೇ ಮತ್ತೆ ಅವರ ದನಿ. ಈ ಸಲ ಅದರಲ್ಲಿ ಗಾಬರಿಯಿತ್ತು. "ನನ್ನನ್ನ ನೋಡಿ ಓಡ್ತಿದ್ದಾರೆ. ಕೂಗಿದರೆ ಪೊದೆ ಹಿಂದೆ ಅಡಗ್ತಿದ್ದಾರೆ. ಹೆದರಿದ್ದಾರೆ. ನಾನು ಇನ್ನೂ ಹತ್ತಿರ ಹೋದರೆ ದಿಬ್ಬ ಹತ್ತಿಬಿಡ್ತಾರೆ."

ನನಗೆ ಅರ್ಥವಾಗಲಿಲ್ಲ. ನನ್ನ ಗಂಡ ಓಡುವುದೆಂದರೇನು? ಕಾಪಾಡಲು ಬಂದವರಿಂದ?

"ಸಿಸ್ಟರ್, ನನ್ನ ಕಾರಿನ ರೇಡಿಯೋದ ಸದ್ದು ಪೂರ್ತಿ ಏರಿಸಿ ಬಾಗಿಲೆಲ್ಲ ತೆರೆದಿಟ್ಟಿದ್ದೀನಿ," ಎಂದರು ರೇಂಜರ್. "ನೀವು ಮಾತಾಡಿ. ನಿಮ್ಮ ಭಾಷೆಯಲ್ಲಿ. ನಿಲ್ಲಿಸಬೇಡಿ."

ರೇಡಿಯೋದ ಗುಂಡಿ ಒತ್ತಿದೆ. ಮದುವೆಯಾದಾಗಿನಿಂದ ಈ ಮನುಷ್ಯನೊಡನೆ ಆಡದ ಮಾತಿಲ್ಲ, ಈಗ ಒಂದೂ ಬಾಯಿಗೆ ಬರಲಿಲ್ಲ.

"ರೀ," ಎಂದೆ. "ರೀ, ನಾನು. ಓಡ್ಬೇಡಿ. ಅಲ್ಲೇ ಕೂತ್ಕೊಳ್ಳಿ. ಊಟಕ್ಕೆ ಕಾಯ್ತಾ ಇದ್ದೀವಿ. ಚಿತ್ರಾನ್ನ ಹಾಗೇ ಇದೆ, ನಾನೂ ತಿಂದಿಲ್ಲ, ಅವಳೂ ತಿಂದಿಲ್ಲ. ಆ ಕಾರು ಹತ್ಕೊಂಡು ಬನ್ನಿ. ಅವರು ನಮ್ಮವರೇ, ನಿನ್ನೆ ನಮ್ಮ ಜೊತೆ ಸಾರನ್ನ ಉಂಡ್ರಲ್ಲ, ಮೂಗಲ್ಲಿ ನೀರು ಸುರಿಸ್ಕೊಂಡು, ಅವರೇ. ಕೂತ್ಕೊಳ್ರೀ. ಕೂತ್ಕೊಂಡ್ರಾ?"

ಹೀಗೇ ಆಡುತ್ತ ಹೋದೆ. ಹಾಲು ಮುಗಿದದ್ದು, ಗ್ಯಾಸಿನ ಬಿಲ್ಲು, ಪರ್ತ್‌ನ ಎಲೆನ್‌ಬ್ರೂಕಿನಲ್ಲಿರುವ ಅವರ ತಮ್ಮನಿಗೆ ಫೋನ್ ಮಾಡಬೇಕಿರುವುದು, ಬಾಯಿಗೆ ಬಂದದ್ದೆಲ್ಲ. ನನ್ನ ಮಾತು ಎಷ್ಟೋ ದಿಬ್ಬಗಳಾಚೆ ಖಾಲಿ ಬಯಲಲ್ಲಿ ಗಟ್ಟಿಯಾಗಿ ಮೊಳಗುತ್ತಿತ್ತಂತೆ. ಹಕ್ಕಿಗಳು ಎದ್ದು ಹಾರಿದವಂತೆ. ಕೊನೆಗೆ ಗುಂಡಿ ಬಿಟ್ಟಾಗ ರೇಂಜರ್ ಹೇಳಿದರು. "ಕೂತಿದ್ದಾರೆ. ಅಳ್ತಿದ್ದಾರೆ. ಕರ್ಕೊಂಡು ಬರ್ತೀನಿ."

ಕಾರಿನಿಂದ ಇಳಿದವರನ್ನು ನೋಡಿ ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಮುಖದ ಮೇಲೆ ಕೆಂಪು ಮಣ್ಣು ಗಟ್ಟಿ ಕಟ್ಟಿತ್ತು, ತುಟಿ ಸೀಳಿತ್ತು. ಟೋಪಿ ಇಲ್ಲ, ಕ್ಯಾಮೆರಾ ಇಲ್ಲ, ಒಂದು ಕಾಲಿನ ಬೂಟೂ ಇಲ್ಲ. ಅದನ್ನು ಯಾಕೆ ತೆಗೆದರೋ ಅವರಿಗೂ ನೆನಪಿಲ್ಲ. ಮಗಳು ಓಡಿಹೋಗಿ ಅಪ್ಪಿಕೊಂಡಳು. ಅವರು ಅವಳ ಭುಜದ ಮೇಲಿಂದ ನನ್ನನ್ನು, ಯಾರು ಎಂದು ಕೇಳುವವರ ಹಾಗೆ ನೋಡುತ್ತಿದ್ದರು. ರೇಂಜರ್ ಹೇಳಿದಂತೆ ಗುಟುಕು ಗುಟುಕಾಗಿ ನೀರು ಕುಡಿಸಿದೆ.

ಸೂರ್ಯನ ವಿಷಯ ನಾನು ಕೇಳಲಿಲ್ಲ. ಅವರೇ ಹೇಳಿದರು. ಬಲಗೈ ಚಾಚಿ ತೋರಿಸಿ, "ಈ ಕಡೆ ಪಶ್ಚಿಮ ಅಂತ... ಸರಿಯಾಗೇ ಬರ್ತಿದ್ದೆ," ಎಂದರು. ಮಗಳು ನನ್ನ ಕಡೆ ನೋಡಲಿಲ್ಲ. ಟವಲು ಒದ್ದೆ ಮಾಡಿ ಅಪ್ಪನ ಕತ್ತು ಒರೆಸುತ್ತಿದ್ದಳು.

ಬರಬೇಕಿದ್ದ ವಿಮಾನ ಬೇಡವೆಂದು ಅವತ್ತೇ ತಿಳಿಸಿ, ಮಾರನೆಯ ದಿನ ನಾವು ಹೊರಟೆವು. ಸರ್ವೋದಲ್ಲಿ ಮಗಳು ಪೆಟ್ರೋಲು ಹಾಕಿಸುತ್ತಿದ್ದಾಗ, ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತವರು ಮೆಲ್ಲಗೆ ಕೇಳಿದರು.

"ನೀನು ನನ್ನ ಹುಡುಕ್ಕೊಂಡು ಬಂದ್ಯಾ?"

"ಇಲ್ಲ. ಕಾರಲ್ಲೇ ಇದ್ದೆ. ಅವಳನ್ನ ಹಿಡ್ಕೊಂಡು."

ಅವರು ಕಿಟಕಿಯ ಗಾಜು ಏರಿಸಿದರು. ಆಮೇಲೆ, "ಬಾಯಾರಿಕೆಗೆ ನಾನು ಹೆದರಲಿಲ್ಲ ಕಣೇ," ಎಂದರು. "ನೀವು ಬಿಟ್ಟು ಹೊರಟುಹೋದ್ರಿ ಅನ್ನಿಸ್ತು. ಮೊದಲು ಅನುಮಾನ. ಆಮೇಲೆ ಗ್ಯಾರಂಟಿ. ಆಮೇಲೆ ನೀವಿಬ್ರೂ ಇದ್ರಾ, ಇಲ್ವಾ, ಅದೇ ಗೊತ್ತಾಗ್ತಿರಲಿಲ್ಲ. ಕಾರು ಬಂತಲ್ಲ, ಯಾರೋ ನನ್ನ ಹಿಡಿಯೋಕೆ ಬಂದ್ರು ಅಂತ ಓಡಿದೆ."

"ನನ್ನ ದನಿ ಕೇಳಿದಾಗ?"

"ಆಕಾಶದಿಂದ ಕೇಳಿಸ್ತು," ಎಂದರು. "ಸತ್ತೋದೆ ಅಂದ್ಕೊಂಡೆ. ಸತ್ತಮೇಲೂ ಇವಳು ಊಟಕ್ಕೆ ಕರೀತಾಳಲ್ಲ ಅಂತ ಅಳು ಬಂತು."

ಹೇಳಿ ಅವರು ನಗಲು ನೋಡಿದರು. ಸೀಳಿದ ತುಟಿ ಬಿಡಲಿಲ್ಲ. ನನಗೂ ನಗು ಬರಲಿಲ್ಲ.

ಸೋಮವಾರ ಕೆಲಸಕ್ಕೆ ಹೋದರು. ಟ್ರಿಪ್ ಹೇಗಿತ್ತು ಎಂದವರಿಗೆ ಚೆನ್ನಾಗಿತ್ತು ಎಂದರಂತೆ. ಆದರೆ ಅವರು ಬದಲಾದರು. ಮಾಲ್‌ನ ಪಾರ್ಕಿಂಗಿನಲ್ಲಿ ಕಾರು ಎಲ್ಲಿ ನಿಲ್ಲಿಸಿದೆವೆಂದು ಒಂದು ಕ್ಷಣ ಮರೆತರೂ ನನ್ನ ತೋಳು ಹಿಡಿದುಕೊಳ್ಳುತ್ತಾರೆ, ಬೆರಳು ತಣ್ಣಗಿರುತ್ತವೆ. ಬಾತ್‌ರೂಮಿನಿಂದ ಬಂದಾಗ ನಾನು ಅಡಿಗೆಮನೆಯಲ್ಲಿ ಕಾಣದಿದ್ದರೆ ಹೆಸರು ಹಿಡಿದು ಕೂಗುತ್ತಾರೆ. ನಾನು ಏನು ಮಾಡುತ್ತಿದ್ದರೂ ತಕ್ಷಣ "ಇಲ್ಲೇ ಇದ್ದೀನಿ ರೀ" ಎನ್ನುತ್ತೇನೆ. ಎರಡನೆಯ ಸಲ ಕೂಗುವಂತೆ ಮಾಡುವುದಿಲ್ಲ.

ಮಗಳು ಒಂದು ಸಂಜೆ ನನ್ನ ಪಕ್ಕ ಕೂತು, "ಸಾರಿ ಅಮ್ಮ, ಆ ದಿನ ಹಾಗೆ ಕೇಳ್ಬಾರ್ದಿತ್ತು," ಎಂದಳು. ಪರವಾಗಿಲ್ಲ ಎಂದೆ. ಇನ್ನು ಅಲ್ಲಿಗೆ ಹೋಗಬೇಡ ಎಂದೂ ಹೇಳಿದೆ.

ಅವಳು ಈಗಲೂ ಹೋಗುತ್ತಾಳೆ. ಅವಳ ಕೆಲಸ ಇರುವುದೇ ಅಲ್ಲಿ. ಮೊನ್ನೆ ಮತ್ತೆ ಹೊರಟಳು, ಅದೇ ರೇಂಜರ್ ಜೊತೆ. ದಿನಾ ಸಂಜೆ ಅವಳ ಸ್ಯಾಟಲೈಟ್ ಫೋನಿನಿಂದ ಒಂದೇ ಪದದ ಮೆಸೇಜು ಬರುತ್ತದೆ, ಓಕೆ ಎಂದು. ಇದನ್ನು ಬರೆಯುತ್ತಿರುವಾಗ ಫೋನು ಮೇಜಿನ ಮೇಲೆ ನನ್ನ ಮೊಣಕೈ ಪಕ್ಕದಲ್ಲೇ ಇದೆ. ಹೊರಗೆ ಉತ್ತರದ ಗಾಳಿ ಎದ್ದಿದೆ. ಇವತ್ತಿನದು ಇನ್ನೂ ಬಂದಿಲ್ಲ. ಬರಲು ಇನ್ನೂ ಹೊತ್ತಿದೆ ಎಂದು ಗಂಡ ಹೇಳುತ್ತಿದ್ದಾರೆ, ಹೇಳುತ್ತಲೇ ಕಿಟಕಿಯ ಬಳಿ ಹೋಗಿ ನಿಂತಿದ್ದಾರೆ.